ನಾಳೆಯ ಪಾಠ

ಪಿರಿಯಾಪಟ್ಟಣದ ಆಚೆಯ ಬೆಟ್ಟದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ, ಮಕ್ಕಳೇ. ಕೋಪ ಇನ್ನೂ ಇಳಿದಿಲ್ಲ.

ನಿಮ್ಮ ಕಾವ್ಯಕ್ಕ ಇಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯಲು ಬಂದಿದ್ದಾಳೆ, ಜೊತೆಗೆ ನಿಮ್ಮಜ್ಜಿ ನಾನು. ಅವಳಿಗಿಂತ ಮೊದಲು ಹನಗೋಡಿನ ರತ್ನ ಎಂಬ ಹುಡುಗಿ ಹಾರಿದಳು. ಸ್ವಲ್ಪ ದೂರ ಹೋಗುತ್ತಲೇ ಬಟ್ಟೆಯ ರೆಕ್ಕೆಯ ಬಲಭಾಗ ಮಡಚಿಕೊಂಡಿತು. ಅವಳು ಬೆದರಿದ ಎತ್ತನ್ನು ನಿಲ್ಲಿಸುವಂತೆ ರೆಕ್ಕೆಯ ವೇಗ ತಗ್ಗಿಸುವ ಎರಡೂ ಹಗ್ಗಗಳನ್ನು ಎದೆಗೆ ಎಳೆದುಕೊಂಡಳು. ರೆಕ್ಕೆ ಓಟ ಕಳೆದುಕೊಂಡು ಹಿಂದಕ್ಕೆ ಜೋಲತೊಡಗಿತು.

"ಎಳೀಬ್ಯಾಡ ಕಣವ್ವಾ! ಕೈ ಮೇಲಕ್ಕೆ ಬುಡು!" ಎಂದು ಕಲಿಸುವವನು ವಾಕಿಟಾಕಿಯಲ್ಲಿ ಕೂಗಿದ. ಅವಳು ಕೈ ಮೇಲಕ್ಕೆ ಬಿಟ್ಟಳು, ರೆಕ್ಕೆ ತೆರೆದುಕೊಂಡಿತು. ಹೇಗೋ ಹೊಗೆಸೊಪ್ಪಿನ ಹೊಲದಲ್ಲಿ ಇಳಿದಳು.

"ಬೇಸಾಯಗಾರ್ರ ಮನೆ ಹುಡ್ಗಿ ಕಣ್ರೀ, ಮೂಗುದಾರ ಎಳ್ದಂಗೆ ಎಳ್ದುಬುಟ್ಲು," ಎಂದು ಅವನು ನಕ್ಕ. ಕಲಿಯಲು ಬಂದಿದ್ದ ಉಳಿದವರೂ ನಕ್ಕರು.

ಹೊಸಬರ ಮುಂದೆ ನಾನು ಬಾಯಿ ತೆರೆಯುವವಳಲ್ಲ. ಆದರೂ ಕೇಳಿದೆ: "ಕೈ ಬುಡ್ಬೇಕು ಅಂತ ನೆಲದ ಮ್ಯಾಲಿದ್ದಾಗ್ಲೇ ಹೇಳಿದ್ರಾ?"

"ಅದು ನಾಳೆ ಪಾಠ ಅಜ್ಜಿ. ಮೊದ್ಲೇ ಹೇಳುದ್ರೆ ಎದ್ರುಕತ್ತಾರೆ."

"ರೆಕ್ಕೆ ನಾಳೆಗಂಟ ಕಾಯ್ತದಾ?"

ಅವನು ಕಾವ್ಯಳ ಬೆಲ್ಟು ಬಿಗಿಯತೊಡಗಿದ. ಹುಲ್ಲಿನ ಮೇಲೆ ಅವಳ ರೆಕ್ಕೆ ಹರಡಿತ್ತು. ನಾನು ಹೋಗಿ ಅದರ ನಡುವೆ ಕುಳಿತುಬಿಟ್ಟೆ.

"ಅಜ್ಜಿ, ಮಾನ ತೆಗೀಬ್ಯಾಡ, ಏಳು," ಎಂದಳು ಕಾವ್ಯ.

"ಗಾಳಿ ಚೆನ್ನಾಗದೆ, ಏಳಿ ಅಜ್ಜಿ," ಎಂದ ಅವನು.

"ನಂಗೂ ಇಲ್ಲಿ ಚೆನ್ನಾಗದೆ."

ಈಗ ಅವನು ಅವಳನ್ನು ರೆಕ್ಕೆಯಿಂದ ಬಿಡಿಸಿ, ಬೆಲ್ಟಿನ ಸಮೇತ ಮರದ ಕೊಂಬೆಗೆ ತೂಗುಹಾಕಿ ನಾಳೆಯ ಪಾಠ ಕಲಿಸುತ್ತಿದ್ದಾನೆ. ಒಂದು ಕಡೆ ಮಡಚಿದರೆ ತೆರೆದಿರುವ ಕಡೆಗೆ ವಾಲಬೇಕು, ರೆಕ್ಕೆ ಹಿಂದಕ್ಕೆ ಜೋಲಿದರೆ ಕೈ ಮೇಲೆತ್ತಬೇಕು. ಕಾವ್ಯ ಮೂರು ಸಲವೂ ಹಗ್ಗವನ್ನು ಎದೆಗೇ ಎಳೆದುಕೊಂಡಳು.

ನಾನು ಇನ್ನೂ ಎದ್ದಿಲ್ಲ.