ಅತ್ತೆಯ ತಾತ ತೋಡಿದ ಬಾವಿಗಳು

ಓದಲೆಂದು ಮೈಸೂರಿನಿಂದ ಟೆಕ್ಸಸ್‌ಗೆ ಬಂದವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ, ಜೊತೆಗೆ ಓದುತ್ತಿದ್ದ ಡಾಲಸ್ಸಿನ ಕರಿಯರ ಹುಡುಗನನ್ನು ಮದುವೆಯಾಗಿ ಅಲ್ಲೇ ಪಕ್ಕದ ಕ್ಯಾರಲ್ಟನ್‌ನಲ್ಲಿ ಸಂಸಾರ ಹೂಡಿದೆ. ಸುದ್ದಿ ಕೇಳಿದ ಅಪ್ಪ ಫೋನಿನಲ್ಲಿ ಬೈಯಲಿಲ್ಲ. "ಅವರ ಮನೆತನ ಎಂಥದ್ದಮ್ಮ? ಹಿಂದಿನವರು ಏನು ಮಾಡ್ಕೊಂಡಿದ್ರು?" ಎಂದಷ್ಟೇ ಕೇಳಿದರು.

ಗಂಡನಿಗೂ ಅದು ಗೊತ್ತಿರಲಿಲ್ಲ. ಒಂದು ಭಾನುವಾರ ಅತ್ತೆಯನ್ನೇ ಕೇಳಿದೆ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದ ಅವರು ಹುರುಳಿಕಾಯಿ ಮುರಿಯುತ್ತ ಕೂತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದುಬಿಟ್ಟಿದೆ.

"ನಮ್ಮ ತಾತ ಗುಲಾಮರಾಗಿ ಹುಟ್ಟಿದವರು. ಬಿಡುಗಡೆ ಆದಮೇಲೆ ಆಸ್ಟಿನ್ ಕಡೆ ಬಾವಿ ತೋಡ್ತಿದ್ರು. ಅವರಿಗೆ ಆರೇಳು ವರ್ಷದ ಒಬ್ಬ ತಮ್ಮ ಇದ್ದನಂತೆ. ಯಜಮಾನ ತನ್ನ ಮಗಳ ಮದುವೇಲಿ ಆ ಹುಡುಗನ್ನ ಅವಳ ಜೊತೆ ಕೊಟ್ಟು ಕಳಿಸಿಬಿಟ್ಟ. ಅಷ್ಟೇ ಗೊತ್ತು. ನಮ್ಮಮ್ಮ ಅದಕ್ಕಿಂತ ಹೆಚ್ಚು ಬಾಯಿ ಬಿಡ್ತಿರಲಿಲ್ಲ."

ಬಳುವಳಿ ಎಂದರೆ ನನಗೆ ಗೊತ್ತಿದ್ದದ್ದು ಹಸು, ಹಿತ್ತಾಳೆ ಪಾತ್ರೆ, ಒಂದಿಷ್ಟು ಬಂಗಾರ. ಹಾಲುಹಲ್ಲು ಬೀಳುವ ವಯಸ್ಸಿನ ಮಗುವನ್ನು ಬಳುವಳಿ ಕೊಟ್ಟರೆಂಬುದನ್ನು ನನ್ನ ಮನಸ್ಸು ಒಪ್ಪಿಕೊಳ್ಳಲು ತುಂಬ ಹೊತ್ತು ಬೇಕಾಯಿತು.

ಬೇಸಿಗೆಯಲ್ಲಿ ನಾನೇ ಡ್ರೈವ್ ಮಾಡಿಕೊಂಡು ಅತ್ತೆಯನ್ನು ಆಸ್ಟಿನ್‌ಗೆ ಕರೆದೊಯ್ದೆ. ದಾಖಲೆಗಳ ಕಚೇರಿಯಲ್ಲಿ, ಹಳೆಯ ಜನಗಣತಿಯ ಪುಟಗಳನ್ನು ಸೆರೆಹಿಡಿದ ಫಿಲ್ಮಿನಲ್ಲಿ ತಾತ ಸಿಕ್ಕರು. ಅವರ ಹೆಸರಿನ ಎದುರಿಗೆ ಬಾವಿ ತೋಡುವವನು ಎಂದಿತ್ತು. ಕೆಳಗೆ ಹೆಂಡತಿ, ಮಕ್ಕಳು. ಅತ್ತೆ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ತಮ್ಮನನ್ನು ಹುಡುಕಲು ಮಾತ್ರ ದಾರಿ ಇರಲಿಲ್ಲ. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಯಜಮಾನರ ಮನೆಹೆಸರನ್ನೇ ಇಟ್ಟುಕೊಂಡಿದ್ದರು. ಯಜಮಾನನ ಆ ಮಗಳನ್ನು ಯಾವ ಮನೆಗೆ ಕೊಟ್ಟಿದ್ದರೆಂಬುದು ನಮಗೆ ತಿಳಿದಿರಲಿಲ್ಲ.

ತಾತನ ಊರು ಯಾವುದೆಂದು ಆ ಪಟ್ಟಿಯಲ್ಲಿತ್ತು. ಅಲ್ಲಿ ಈಗ ಉಳಿದಿರುವುದು ಒಂದು ಮರದ ಚರ್ಚು. ಅದರ ಹಿರಿಯರೊಬ್ಬರು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ತಗಡು ಮುಚ್ಚಿದ್ದ ಕಲ್ಲುಕಟ್ಟಿನ ಬಾವಿ ತೋರಿಸಿದರು. ತಾತ ಒಳಗೆ ಅಗೆಯುವಾಗ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದವರು ಇವರ ಅಜ್ಜನಂತೆ.

"ನಿಮ್ಮ ತಾತನಿಗೆ ಹೊಲ ಗೇಣಿಗೆ ಕೊಡ್ತೀವಿ ಅಂದ್ರೂ ಬೇಡ ಅಂದ್ರಂತೆ," ಎಂದರು ಅವರು. "ಹೊಲ ಹಿಡಿದರೆ ಒಂದೇ ಕಡೆ ಕೂರಬೇಕು. ಬಾವಿ ತೋಡೋನು ಊರೂರು ತಿರುಗಬಹುದಲ್ಲ. ಹೋದ ಕಡೆಯೆಲ್ಲ ಮೊದಲು ತಮ್ಮನ್ನ ವಿಚಾರಿಸೋರು, ಆಮೇಲೆ ಗುದ್ದಲಿ ಮುಟ್ಟೋರು."

"ಸಿಕ್ಕಿದ್ನಾ?" ಅತ್ತೆ ಕೇಳಿದರು.

"ಇಲ್ಲಮ್ಮ. ಹೂಸ್ಟನ್ ಕಡೆ ಇದ್ದಾನೆ ಅಂತ ಯಾರೋ ಹೇಳಿದ್ರಂತೆ. ಒಪ್ಪಿಕೊಂಡಿದ್ದ ಬಾವಿ ಒಂದು ಮುಗಿಸಿ ಹೊರಡೋಣ ಅಂತಿದ್ರು. ಮಣ್ಣು ಕುಸೀತು. ಹೊರಗೆ ತೆಗೆಯೋ ಹೊತ್ತಿಗೆ ಹೋಗಿಬಿಟ್ಟಿದ್ರು."

ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ಕೂತರು. "ನಮ್ಮಮ್ಮ ನಮ್ಮನ್ನ ಯಾವ ಬಾವಿ ಹತ್ರಾನೂ ಬಿಡ್ತಿರಲಿಲ್ಲ," ಎಂದರು. "ಯಾಕೆ ಅಂತ ಕೇಳಿದ್ರೆ ಹೊಡೆಯೋಳು."

ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಕೇಳಿ ಮುಗಿಸಿದವರೇ, "ಹೂಸ್ಟನ್ನಲ್ಲಿ ವಿಚಾರಿಸಿದ್ರಾ?" ಎಂದರು.

ವಿಚಾರಿಸಿದ್ದು ಆ ಚರ್ಚಿನ ಹಿರಿಯರು. ಹೂಸ್ಟನ್ನಿನ ಚರ್ಚುಗಳಿಗೆಲ್ಲ ಅಣ್ಣತಮ್ಮಂದಿರ ಕಥೆ ಹೇಳಿಕಳಿಸಿದರು. ತಿಂಗಳುಗಳೇ ಕಳೆದು, ನಾವು ಆಸೆ ಬಿಟ್ಟ ಮೇಲೆ, ಅತ್ತೆಯ ವಯಸ್ಸಿನವರೇ ಆದ ಒಬ್ಬ ಹೆಂಗಸು ಫೋನ್ ಮಾಡಿದರು. ಹಡಗುಕಟ್ಟೆಯಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದ ಅವರ ತಾತ ಚಿಕ್ಕಂದಿನಲ್ಲಿ ಮದುಮಗಳ ಗಾಡಿಯಲ್ಲಿ ಬಂದವರಂತೆ. ಆ ತಾತನ ತಾಯಿಯ ಹೆಸರನ್ನು ಅವರು ಹೇಳಿದೊಡನೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಹೆಸರು ಅತ್ತೆಗೂ ಗೊತ್ತಿತ್ತು. ಅತ್ತೆಯ ತಾತ ತಮ್ಮ ಹಿರಿಯ ಮಗಳಿಗೆ ಅದನ್ನೇ ಇಟ್ಟಿದ್ದರು.

ನಾವು ಹೂಸ್ಟನ್‌ಗೆ ಹೋದೆವು. ಆಕೆ ಬಾಗಿಲಲ್ಲೇ ಅತ್ತೆಯನ್ನು ತಬ್ಬಿಕೊಂಡರು. ಊಟ ಮುಗಿಯುವವರೆಗೂ ಮಕ್ಕಳು, ಮೊಮ್ಮಕ್ಕಳು, ಮಂಡಿನೋವಿನ ಮಾತೇ ಆಯಿತು. ಆಮೇಲೆ ಆಕೆ ತಲೆತಗ್ಗಿಸಿ ಹೇಳಿದರು:

"ನಿಮ್ಮ ಹತ್ರ ಮುಚ್ಚಿಡಲ್ಲ. ನಮ್ಮ ತಾತ ಸಾಯೋವರೆಗೂ ಅಣ್ಣನ ಮೇಲೆ ಮುನಿಸ್ಕೊಂಡೇ ಇದ್ರು. ಗಾಡಿ ಹಿಂದೆ ಓಡಿಬಂದು, 'ನಾನು ಬಂದು ಕರ್ಕೊಂಡು ಹೋಗ್ತೀನಿ' ಅಂದವನು ಬರಲೇ ಇಲ್ಲ, ಮರೆತುಬಿಟ್ಟ ಅಂತ."

ಅತ್ತೆ ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಬೇಡವೆಂದ ಹೊಲ, ಊರೂರಿನ ಬಾವಿಗಳು, ಕುಸಿದ ಮಣ್ಣು. ಕೊನೆಗೆ, "ಮರೆತಿರಲಿಲ್ಲಮ್ಮ. ಹೊರಟಿದ್ರು," ಎಂದರು. ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಆಕೆ ನಮ್ಮನ್ನು ಸ್ಮಶಾನಕ್ಕೆ ಕರೆದೊಯ್ದರು. ತಾತನ ಸಮಾಧಿಯ ಮೇಲಿನ ಎಲೆ ಗುಡಿಸಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಬಗ್ಗಿ, ಗಟ್ಟಿಯಾಗಿ, ನಿಮ್ಮಣ್ಣ ಬರ್ತಾ ಇದ್ರಂತೆ ತಾತ ಎಂದು ಹೇಳಿದರು. ಅತ್ತೆ ಅವರ ಪಕ್ಕದಲ್ಲಿ ನಿಂತಿದ್ದರು. ನಾನು ಸ್ವಲ್ಪ ದೂರದಲ್ಲಿ ನಿಂತೆ.