ಬ್ಯಾಗಿನಲ್ಲಿದ್ದ ಎರಡು ಟ್ಯೂಬು

ಮಾರ್ಚ್ 8, ಭಾನುವಾರ, ಬೆಳಗ್ಗೆ 6.40. ಬೂದಿಕೋಟೆ.

ಚೈತ್ರಾಳ ಸೈಕಲ್ಲು ಕಾರಿನ ಮೇಲಿಂದ ಬಿದ್ದದ್ದು ಅವಳ ಅಪ್ಪ ಹಾಕಿದ ಗಂಟು ಸಡಿಲವಾಗಿ ಅಲ್ಲ. ಆ ಗಂಟನ್ನು ಬಿಚ್ಚಿದವಳು ನಾನು. ಬಿಚ್ಚಿದೆ, ಸುಳ್ಳು ಹೇಳಿದೆ, ಆ ಸುಳ್ಳನ್ನು ದಿನಚರಿಯಲ್ಲೂ ಬರೆದಿಟ್ಟೆ. ಇವತ್ತಿಗೆ ಎರಡು ವರ್ಷ ಇಪ್ಪತ್ತೈದು ದಿನ.

ಚೈತ್ರಾ ನನ್ನ ಸೋದರಮಾವ ನಾರಾಯಣಪ್ಪನವರ ಮಗಳು. ಮಾವ ಸುತ್ತಲ ಹಳ್ಳಿಗಳಿಂದ ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟಿ ತರುವವರು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅದರಲ್ಲೇ ಕಟ್ಟುತ್ತಾರೆ.

ಆ ವರ್ಷ ಕೆಜಿಎಫ್‌ನಲ್ಲಿ ಹುಡುಗಿಯರ ಸೈಕಲ್ ರೇಸ್ ಇತ್ತು. ನನ್ನದೂ ಚೈತ್ರಾಳದೂ ಎರಡು ಸೈಕಲ್ಲು ಅಪ್ಪನ ಕಾರಿನಲ್ಲಿ ಹೋಗಬೇಕು. ಹೇಗೆ ಒಯ್ಯುವುದೆಂದು ಒಂಬತ್ತು ದಿನ ಯೋಚಿಸಿ ನಾಲ್ಕು ಪುಟ ಬರೆದಿದ್ದೆ — ಆ ನಾಲ್ಕು ಪುಟದ ಬಗ್ಗೆ ಈಗಲೂ ನನಗೆ ಹೆಮ್ಮೆಯೇ. ಸೀಟು ಮಡಚಿ ಒಳಗಿಟ್ಟರೆ ಚಕ್ರ ಬಿಚ್ಚಬೇಕು, ಆದರೂ ಎರಡನೆಯದು ಹಿಡಿಸದು. ಡಿಕ್ಕಿಗೆ ನೇತುಹಾಕುವ ಸ್ಟ್ಯಾಂಡಾದರೆ ನಂಬರ್ ಪ್ಲೇಟು, ಹಿಂದಿನ ದೀಪ ಎರಡೂ ಮರೆಯಾಗುತ್ತವೆ. ಮೇಲಿನ ಕ್ಯಾರಿಯರಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಎರಡು ಕಳೆದದ್ದು ಗಾಳಿಗೆ. ಕಟ್ಟಲು ಬಕಲ್ ಇರುವ ಕೇಸರಿ ಪಟ್ಟಿಗಳನ್ನು ತರಿಸಿದೆ.

ಫೆಬ್ರವರಿ 11ರ ಬೆಳಗ್ಗೆ ಮಾವ ಆ ಪಟ್ಟಿಗಳನ್ನು ಎಳೆದು ನೋಡಿ ನಕ್ಕರು.

"ಇವು ಸ್ಕೂಲ್ ಬ್ಯಾಗ್ ಕಟ್ಟಾಕೆ ಸರಿ ಕಣಮ್ಮ ರೂಪಾ. ತಡಿ, ಟ್ಯೂಬ್ ತತ್ತೀನಿ."

"ಬ್ಯಾಡ ಮಾವ, ಹಾಲಿನ ಗಾಡಿ ಇದ್ದಂಗೆ ಕಾಣ್ತದೆ."

"ಕಂಡ್ರೆ ಕಾಣ್ಲಿ ಬುಡು. ನನ್ ಗಾಡಿಯಿಂದ ಒಂದು ಕ್ಯಾನಾದ್ರೂ ಬಿದ್ದೈತಾ? ಊರ್ನಾಗೆ ಕೇಳು."

ನನ್ನ ಪಟ್ಟಿಗಳ ಮೇಲೆಯೇ ಸೈಕಲ್ಲಿಗೊಂದರಂತೆ ಎರಡು ಟ್ಯೂಬು ಬಿಗಿದರು. ಹೊರಡುವಾಗ ಕಿಟಕಿಗೆ ಬಗ್ಗಿ, "ಒಂದು ಮೈಲಿಗೆ ನಿಲ್ಸಿ ಕೈ ಆಕಿ ಅಲ್ಲಾಡ್ಸಿ ನೋಡು. ಬಾರ ಕುಂತ ಮ್ಯಾಲೆ ಇನ್ನೊಂದ್ಸಲ ಬಿಗೀಬೇಕು" ಎಂದರು. ಹಾಲು ಒಯ್ಯುವವರು ಯಾರೂ ಇದನ್ನು ತಪ್ಪಿಸುವುದಿಲ್ಲ.

ಒಂದು ಮೈಲಿಗೆ ನಾನು ನಿಲ್ಲಿಸಲು ಹೇಳಲಿಲ್ಲ. ಬಂಗಾರಪೇಟೆಯಲ್ಲಿ ಅಪ್ಪನೂ ಚೈತ್ರಾಳೂ ಇಡ್ಲಿ ತಿನ್ನಲು ಹೋದರು. ನಾನು ಕಾರಿನ ಬಳಿ ಉಳಿದೆ. ರೇಸಿಗೆ ಹೊರಟ ಬೇರೆ ಹುಡುಗಿಯರ ಕಾರುಗಳೂ ಅಲ್ಲಿ ನಿಂತಿದ್ದವು — ಹೊಳೆಯುವ ಕ್ಯಾರಿಯರುಗಳು — ನಮ್ಮದರ ಮೇಲೆ ಹಾಲಿನ ಕಲೆ ಹತ್ತಿದ ಕಪ್ಪು ಟ್ಯೂಬು. ನನಗೆ ಫೋಟೋ ಬೇಕಿತ್ತು. ಟ್ಯೂಬುಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿ, ಬರೀ ಕೇಸರಿ ಪಟ್ಟಿಗಳು ಕಾಣುವಂತೆ 7.52ಕ್ಕೆ ಫೋಟೋ ತೆಗೆದೆ. ಮತ್ತೆ ಕಟ್ಟೋಣವೆಂದುಕೊಂಡಿದ್ದೆ — ಇಲ್ಲ, ಅದೂ ಸುಳ್ಳು. ಕಟ್ಟುವ ಮನಸ್ಸೇ ಇರಲಿಲ್ಲ. ದಿನಚರಿಯಲ್ಲಿ 'ಪಟ್ಟಿ ಮತ್ತೆ ಬಿಗಿದು ನೋಡಿದೆ' ಎಂಬ ಸಾಲಿನ ಮುಂದೆ ಟಿಕ್ ಹಾಕಿದೆ. ನೋಡಿರಲಿಲ್ಲ.

ಕೆಜಿಎಫ್ ದಾರಿಯ ಒಂದು ತಿರುವಿನಲ್ಲಿ ಮೇಲಿಂದ ಸದ್ದು ಬಂತು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಇದ್ದಿದ್ದರೆ... ಚೈತ್ರಾಳ ಸೈಕಲ್ಲಿನ ಮುಂದಿನ ಫೋರ್ಕು ಸೊಟ್ಟಗಾಗಿತ್ತು. ಆರು ತಿಂಗಳು ಐದಕ್ಕೇ ಎದ್ದು ತುಳಿದವಳು ರಸ್ತೆ ಬದಿಯಲ್ಲಿ ಕುಳಿತುಬಿಟ್ಟಳು. ನನ್ನ ಸೈಕಲ್ಲು ಅವಳ ಅಳತೆಗೆ ದೊಡ್ಡದು. ಇಬ್ಬರೂ ರೇಸಿಗೆ ಇಳಿಯಲಿಲ್ಲ.

"ಏನಮ್ಮ ಬಿಚ್ಕೊಂಡಿದ್ದು?" ಅಪ್ಪ ಕೇಳಿದರು.

"ಮಾವನ ಟ್ಯೂಬು" ಎಂದೆ.

ಟ್ಯೂಬು ದಾರಿಯಲ್ಲೆಲ್ಲೋ ಬಿದ್ದಿರಬೇಕೆಂದು ಅವರು ತಿಳಿದರು. ಅದು ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿತ್ತು. ಸಂಜೆ ಅತ್ತೆ, "ಅವರ ಗಂಟು ಬಿಚ್ಕಳಾಕೆ ಸಾಧ್ಯನೇ ಇಲ್ಲ" ಎಂದಾಗ ಅಪ್ಪ, "ರೂಪಾ ಬರ್ದಿಟ್ಟವ್ಳೆ ಕಣಮ್ಮ. ಅವ್ಳು ಬರ್ದ ಮ್ಯಾಲೆ ಮುಗೀತು" ಎಂದರು. ತಾರೀಖು ತಪ್ಪದ ನನ್ನ ದಿನಚರಿಗೆ ಮನೆಯಲ್ಲಿ ಅಷ್ಟು ಬೆಲೆ. ಆ ಬೆಲೆಯನ್ನೇ ನಾನು ಬಳಸಿಕೊಂಡೆ.

ಅಲ್ಲಿಂದ ಚೈತ್ರಾ ತನ್ನಪ್ಪನಿಗೆ ಸೈಕಲ್ಲು ಮುಟ್ಟಲು ಬಿಡಲಿಲ್ಲ. "ನಿನ್ ಗಂಟು ಆಲಿನ ಕ್ಯಾನಿಗೇ ಇಟ್ಕೊಳಪ್ಪ" ಎಂದಳು. ಮರುವಾರದಿಂದ ಮಾವ ಕ್ಯಾನುಗಳಿಗೆ ಟ್ಯೂಬಿನ ಮೇಲೆ ಒಂದು ಹಗ್ಗವನ್ನೂ ಸುತ್ತತೊಡಗಿದರು. ದಾರಿಯಲ್ಲಿ ಒಂದು ಸಲವಲ್ಲ, ಮೂರು ಸಲ ಇಳಿದು ಅಲ್ಲಾಡಿಸಿ ನೋಡುತ್ತಿದ್ದರು. ತಮ್ಮ ಕೈಯನ್ನೇ ಅವರು ನಂಬದಂತೆ ಮಾಡಿದೆ —

ನಾನು ಮಾತ್ರ ಅವರು ಕ್ಯಾನು ಕಟ್ಟುವುದನ್ನು ದೂರದಿಂದ ನೋಡಿ ಅದೇ ಗಂಟನ್ನು ಕಲಿತೆ. ಟ್ಯೂಬಿನ ಬದಲು ನೀಲಿ ಹಗ್ಗ ಬಳಸಿದೆ; ಯಾರಿಗೂ ಗುರುತು ಸಿಗಲಿಲ್ಲ. ಎರಡು ಸುತ್ತು, ನಡುವೆ ಒಂದು ಅಡ್ಡ, ತುದಿ ಎರಡನೇ ಸುತ್ತಿನ ಕೆಳಗೆ, ಅಲುಗಿದಷ್ಟೂ ಬಿಗಿಯಾಗುತ್ತದೆ. ಈವರೆಗೆ 37 ಪ್ರಯಾಣ, 74 ಸೈಕಲ್ಲು, ಬಿದ್ದದ್ದು ಸೊನ್ನೆ. ಆಂಡರ್ಸನ್‌ಪೇಟೆಯ ಮೂರು ಮನೆಯವರು ನನ್ನಿಂದ ಕಲಿತು ಅದನ್ನು 'ರೂಪಾ ಗಂಟು' ಎನ್ನುತ್ತಾರೆ. ಕೇಳಿದಾಗಲೆಲ್ಲ ಎದೆ ಉಬ್ಬುತ್ತಿತ್ತು. ಉಬ್ಬಿದ್ದು ನಿಜ, ಅದನ್ನೂ ಬರೆಯಬೇಕು.

ಹೋದ ಭಾನುವಾರ ಮಾವ ಮನೆಯ ಮುಂದೆ ಕ್ಯಾನು ಕಟ್ಟುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಎರಡು ಟ್ಯೂಬನ್ನೂ ಕೊಟ್ಟು, ಫೋಟೋ ತೋರಿಸಿದೆ. ಮಾವ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಅಂಗಾದ್ರೆ ನನ್ ಗಂಟು ಬಿಚ್ಕಂಡಿರ್ಲಿಲ್ಲ."

"ಇಲ್ಲ ಮಾವ."

ಬೈಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ. ಕ್ಯಾನುಗಳ ಮೇಲಿದ್ದ ಹಗ್ಗವನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದರು. ಬರೀ ಟ್ಯೂಬನ್ನೇ ನಂಬಿ, ಬೆನ್ನು ನೆಟ್ಟಗೆ ಮಾಡಿ ಹೊರಟರು. ನಾನು ರಸ್ತೆಯವರೆಗೂ ಓಡಿ ನೋಡಿದೆ: ಈ ಎರಡು ವರ್ಷ ಮಾಡುತ್ತಿದ್ದಂತೆ ಮನೆಯ ತಿರುವಿನಲ್ಲಿ ಕ್ಯಾನುಗಳತ್ತ ಹಿಂತಿರುಗಿ ನೋಡಲಿಲ್ಲ. ಒಂದು ಮೈಲಿಗೆ ಮಾತ್ರ ಇಳಿದಿರಬೇಕು. ಅಷ್ಟು ಹೆಮ್ಮೆಯಿಂದ ಯಾರೂ ಬೈಕು ಓಡಿಸಿದ್ದನ್ನು ನಾನು ಕಂಡಿಲ್ಲ.

ಚೈತ್ರಾ ಏಳು ದಿನದಿಂದ ನನ್ನೊಡನೆ ಮಾತಾಡಿಲ್ಲ. ನಿನ್ನೆ ಸೈಕಲ್ಲನ್ನು ತನ್ನಪ್ಪನ ಕೈಯಲ್ಲೇ ಕಟ್ಟಿಸಿಕೊಂಡಳಂತೆ. ದಿನಚರಿಯ ಆ ಪುಟವನ್ನು ನಾನು ಹರಿದಿಲ್ಲ. ಸುಳ್ಳಿನ ಕೆಳಗೆ ನಿಜವನ್ನು ಬರೆದು ಇವತ್ತಿನ ತಾರೀಖು ಹಾಕಿದ್ದೇನೆ.

ಮಾವನಿಗೆ ಈ ಗಂಟು ಕಲಿಸಿದ್ದು ಅವರಪ್ಪ, ನನ್ನ ತಾತ. ತಾತ ಕೆಜಿಎಫ್‌ನ ಊರಿಗಾಂ ಚಿನ್ನದ ಗಣಿಯಲ್ಲಿ ದುಡಿದವರು. ಅಲ್ಲಿ ಹಗ್ಗಕ್ಕೆ ಹಾಕುತ್ತಿದ್ದ ಗಂಟನ್ನೇ ಟ್ಯೂಬಿಗೆ ತಂದರಂತೆ. ಗಣಿಯವರು ಅದನ್ನು ಏನೆಂದು ಕರೆಯುತ್ತಿದ್ದರೋ ಮಾವನಿಗೆ ಗೊತ್ತಿಲ್ಲ. ಇದನ್ನು ಓದುವ ಊರಿಗಾಂ ಗಣಿ ಲೈನುಮನೆಗಳ ಹಳಬರಲ್ಲಿ ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ, ಕನ್ನಡವಾಗಲಿ ತಮಿಳಾಗಲಿ. ಅಲ್ಲಿಯವರೆಗೆ ಅದು ನಾರಾಯಣಪ್ಪನ ಗಂಟು. ನನ್ನ ಹೆಸರಿನಲ್ಲಿ ಅದನ್ನು ಕರೆಯಬೇಡಿ.