ಅಂಚಿನಲ್ಲಿದ್ದ ಒಂದು ಸಾಲು

ಕೊಡಗಿನ ಹಳೆ ಜಮೀನು ಪುಸ್ತಕಗಳನ್ನು ಮೈಸೂರು ರಾಜ್ಯದ ಹೊಸ ನಮೂನೆಗೆ ಇಳಿಸಿದವನು ನಾನು. ಎಷ್ಟು ವೇಗವಾಗಿ ಇಳಿಸಿದೆನೆಂದರೆ, ಶಾಯಿ ಒಣಗುವ ಮೊದಲೇ ಪುಟ ಹಳೆಯದಾಗುತ್ತಿತ್ತು. ಉಪಾಯ ಸುಲಭ. ಒಂದು ರಟ್ಟಿನಲ್ಲಿ ಆರು ಕಿಟಕಿ ಕೊರೆದು ಹಳೆ ಪುಟದ ಮೇಲಿಟ್ಟರೆ ನಂಬರು, ಹೆಸರು, ಅಳತೆ ಎಲ್ಲ ಇಣುಕುತ್ತಿದ್ದವು. ಕಂಡದ್ದನ್ನು ಹೊಸ ಪುಟದ ಆರು ಕಾಲಮಿಗೆ ಬರೆಯುವುದು. ಓದುವ ಕೆಲಸವಿಲ್ಲ, ಯೋಚಿಸುವ ಕೆಲಸ ಮೊದಲೇ ಇಲ್ಲ. ದುಬಾರೆಯ ಆನೆ ಪೆನ್ನು ಹಿಡಿಯುವಂತಿದ್ದರೆ ಅದಕ್ಕೂ ಗುಮಾಸ್ತನ ಕೆಲಸ ಕೊಡಿಸುತ್ತಿದ್ದೆ.

ಕರಿಕೆ ಊರಿನ ಹಳೆ ಪುಸ್ತಕವನ್ನು ಮೂವತ್ತೊಂದು ವರ್ಷ ಬರೆದವರು ಮಾಯಿಲಪ್ಪ. ಕಾಲಮಿನಲ್ಲಿ ಹಿಡಿಸದ್ದನ್ನು ಅವರು ಪುಟದ ಅಂಚಿಗೆ ಬರೆಯುತ್ತಿದ್ದರು: ಯಾವ ತೋಡಿನ ನೀರು ಯಾರ ಗದ್ದೆಗೆ, ಯಾವ ಮರ ದೇವರದ್ದು. ಅಕ್ಷರ ಎಷ್ಟು ಸಣ್ಣದೆಂದರೆ, ಓದಲು ಇರುವೆಗೂ ಕನ್ನಡಕ ಬೇಕು.

ಕೆಲಸ ಬಿಟ್ಟಿದ್ದರೂ ಒಂದು ದಿನ ಕಚೇರಿಗೆ ಬಂದರು, ಜಿಗಣೆ ಕಚ್ಚಿದ ಕಾಲನ್ನು ಒರೆಸುತ್ತ.

"ಗುಮಾಸ್ತರೆ, ನಾನು ಪಕ್ಕದಲ್ಲಿ ಕೂತು ಓದಿ ಹೇಳ್ತೇನೆ. ಅಂಚು ಬಿಟ್ಟುಹೋದೀತು."

"ನೀವು ಓದಿ ಮುಗಿಸುವಾಗ ನನಗೆ ಮೊಮ್ಮಕ್ಕಳಾಗಿರ್ತವೆ ಅಜ್ಜ. ಇನ್ನೂ ಮದುವೆಯೇ ಆಗಿಲ್ಲ."

ನಕ್ಕರು. ಆಮೇಲೆ ಒಂದು ಪುಟ ತೆಗೆದು ಅಂಚಿನ ಮೇಲೆ ಬೆರಳಿಟ್ಟರು.

"ಹಂಗಾದ್ರೆ ಇದೊಂದು ಸಾಲು ಬರ್ಕೊಳ್ಳಿ. ಖಾಲಿ ಜಾಗ ಅಂತ ಇದೆಯಲ್ಲ, ಅಲ್ಲಿ ನನ್ನ ಯಮುನ ಮಲಗಿದಾಳೆ."

ಏಳನೇ ವರ್ಷಕ್ಕೆ ಚಳಿಜ್ವರದಲ್ಲಿ ಹೋದ ಮಗಳು. ಮಕ್ಕಳನ್ನು ಮಣ್ಣು ಮಾಡಿದಲ್ಲಿ ಕಲ್ಲು ನೆಡುವುದು ಅವರ ಮನೆಯ ರೂಢಿಯಲ್ಲ. ಆ ಜಾಗಕ್ಕಿದ್ದ ಗುರುತೆಂದರೆ ಆ ಒಂದು ಸಾಲು.

"ಬರ್ಕೊಳ್ತೇನೆ ಅಜ್ಜ" ಎಂದೆ. ರಟ್ಟಿನಲ್ಲಿ ಅಂಚಿಗೆ ಕಿಟಕಿ ಇರಲಿಲ್ಲ. ನನಗೂ ಸಂಜೆಯೊಳಗೆ ಮರೆತುಹೋಯಿತು.

ಮರುವರ್ಷ ಹೊಸ ಪುಸ್ತಕ ನೋಡಿ ಆ ಖಾಲಿ ಜಾಗವನ್ನು ಒಂದು ಎಸ್ಟೇಟಿಗೆ ಕೊಟ್ಟರು. ಮಳೆಗೆ ಮೊದಲೇ ಕಾಫಿ ಗಿಡಕ್ಕೆ ಸಾಲುಸಾಲು ಗುಂಡಿ ತೋಡಿದರು. ಮಾಯಿಲಪ್ಪನವರಿಗೆ ಸುದ್ದಿ ಮುಟ್ಟುವಾಗ ಒಂದು ಗುಂಡಿಯಿಂದ ಎರಡು ಪುಟ್ಟ ಗಾಜಿನ ಬಳೆ ಮೇಲೆ ಬಂದಿದ್ದವು.

ಬಳೆಗಳನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ನಾನು ಎರಡೂ ಪುಸ್ತಕ ತೆರೆದು ಅಕ್ಕಪಕ್ಕ ಇಟ್ಟೆ. ನಂಬರು ಸರಿ, ಹೆಸರು ಸರಿ, ಅಳತೆ ಸರಿ.

"ನೋಡಿ ಅಜ್ಜ," ಎಂದೆ, "ಇಳಿಸಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ."

ಅವರು ಬಳೆಗಳನ್ನು ಮತ್ತೆ ಕಟ್ಟಿಕೊಂಡರು.

"ಎಲ್ಲಿಂದ ತಪ್ಪೀತು ಗುಮಾಸ್ತರೆ. ತಪ್ಪಬೇಕಿದ್ರೆ ಒಮ್ಮೆಯಾದ್ರೂ ಓದ್ಬೇಕಲ್ಲ."